ಹಳತಾದ ಶಾರ್ಡನೆ: ಹೊನ್ನಿನ ಬಣ್ಣ ಕೆಟ್ಟದ್ದರ ಗುರುತೇ?

ಪ್ರಶ್ನೆ: ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದ ಮರ್ಸೋ ಗ್ರಾಮದ, ಶಾರ್ಡನೆ ಎಂಬ ದ್ರಾಕ್ಷಿಯಿಂದ ಮಾಡಿದ 12 ವರ್ಷ ಹಳೆಯ ಬಿಳಿ ವೈನನ್ನು ಇತ್ತೀಚೆಗೆ ಸವಿದೆ. ಬಣ್ಣ ಗಾಢ ಹೊನ್ನಿನದಾಗಿತ್ತು. ಜೇನಿನ ಪರಿಮಳವಿದ್ದರೂ ನಾಲಿಗೆಗೆ ಸಿಹಿ ಹತ್ತಲಿಲ್ಲ, ಹಣ್ಣಿನ ತಾಜಾತನವೂ ಕಾಣಲಿಲ್ಲ. ಅದು ಕೆಟ್ಟಿತ್ತೇ? ಇಲ್ಲವಾದರೆ, ಬಲ್ಲವರು ಇಂಥ ವೈನಿನಲ್ಲಿ ಮೆಚ್ಚುವುದಾದರೂ ಏನನ್ನು?

ಉತ್ತರ: ನೀವು ಹೇಳಿದ ಮೂರು ಲಕ್ಷಣಗಳಲ್ಲಿ ಯಾವುದೂ ತಾನಾಗಿ ಕೆಟ್ಟದ್ದರ ಗುರುತಲ್ಲ. ಕೆಂಪು ವೈನು ಹಳತಾದಂತೆ ಬಣ್ಣ ಕಳೆದುಕೊಳ್ಳುತ್ತದೆ, ಬಿಳಿ ವೈನು ಬಣ್ಣ ಗಳಿಸುತ್ತದೆ. ಇನ್ನು ಜೇನಿನದು ಬರೀ ಪರಿಮಳ; ದ್ರಾಕ್ಷಿಯ ಸಕ್ಕರೆಯೆಲ್ಲ ಹುದುಗುವಾಗಲೇ ಮದ್ಯಸಾರವಾಗಿ ಮುಗಿದಿರುವುದರಿಂದ ಮೂಗು ಕೊಟ್ಟ ಮಾತನ್ನು ನಾಲಿಗೆ ನಡೆಸಿಕೊಡುವುದಿಲ್ಲ. ನನ್ನ ಮಟ್ಟಿಗೆ ಹಳೆಯ ಶಾರ್ಡನೆಯ ಅರ್ಧ ಸೊಗಸು ಈ ಸಣ್ಣ ವಂಚನೆಯಲ್ಲೇ ಇದೆ.

ಮಸ್ಕಟ್ ದ್ರಾಕ್ಷಿಯಂತೆ ದೂರದಿಂದಲೇ ಗುರುತು ಹೇಳುವ ಸುವಾಸನೆ ಶಾರ್ಡನೆಗೆ ಇಲ್ಲ. ಹೆಸರುವಾಸಿಯಾದ ಪಿನೋ ಮತ್ತು ಒಂದು ಕಾಲಕ್ಕೆ ಕೀಳೆಂದು ಕಡೆಗಣಿಸಲಾಗಿದ್ದ ಗುವೆ ಬ್ಲಾಂಕ್ ಎಂಬ ದ್ರಾಕ್ಷಿ ತಳಿಗಳು ಇದರ ತಾಯಿತಂದೆಗಳೆಂದು 1999ರಲ್ಲಿ ಡಿಎನ್‌ಎ ಪರೀಕ್ಷೆ ತೋರಿಸಿಕೊಟ್ಟಿತು. ತನ್ನದೇ ದನಿ ಮೆಲ್ಲಗಿರುವುದರಿಂದ ಈ ದ್ರಾಕ್ಷಿ ಮಣ್ಣು, ಹವೆ ಮತ್ತು ತಯಾರಕನ ಕೈಗುಣವನ್ನು ಬೇಗ ಮೈಗೂಡಿಸಿಕೊಳ್ಳುತ್ತದೆ. ಮರ್ಸೋದಂಥ ಕಡೆ ವೈನನ್ನು ಸುಮಾರು 228 ಲೀಟರಿನ ಓಕ್ ಪೀಪಾಯಿಗಳಲ್ಲಿ, ಯೀಸ್ಟಿನ ಗಸಿಯ ಮೇಲೆಯೇ ತಿಂಗಳುಗಟ್ಟಲೆ ಇಡುತ್ತಾರೆ. ಆ ಅವಧಿಯಲ್ಲಿ ಬ್ಯಾಕ್ಟೀರಿಯಾಗಳು ಚುರುಕಾದ ಮ್ಯಾಲಿಕ್ ಆಮ್ಲವನ್ನು ಮೆದುವಾದ ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ಎಳೆಯ ಶಾರ್ಡನೆಯಲ್ಲಿ ಬೆಣ್ಣೆಯ ವಾಸನೆ ಬರುವುದು ಮುಖ್ಯವಾಗಿ ಈ ಕ್ರಿಯೆಯಲ್ಲಿ ಹುಟ್ಟುವ ಡೈಅಸಿಟೈಲ್ ಎಂಬ ರಾಸಾಯನಿಕದಿಂದ.

ಎಳೆಯದರಲ್ಲಿ ಹಣ್ಣು, ಬೆಣ್ಣೆ, ಮರದ ವೆನಿಲಾ ಇವೆಲ್ಲ ಬೇರೆಬೇರೆಯಾಗಿ, ಒಮ್ಮೊಮ್ಮೆ ಒಂದನ್ನೊಂದು ಮೀರಿಸುವಂತೆ ಎದ್ದು ನಿಲ್ಲುತ್ತವೆ. ಬಾಟಲಿಯ ಕತ್ತಲಲ್ಲಿ ವರ್ಷಗಳು ಕಳೆದಂತೆ, ಬಿರಡೆಯ ಮೂಲಕ ಅತ್ಯಲ್ಪವಾಗಿ ಒಳಸೇರುವ ಆಮ್ಲಜನಕದಿಂದಲೂ ವೈನಿನೊಳಗೇ ನಡೆಯುವ ನಿಧಾನ ರಾಸಾಯನಿಕ ಬದಲಾವಣೆಗಳಿಂದಲೂ ಆ ಅಂಚುಗಳು ಕರಗಿ, ಹೇಝಲ್‌ನಟ್, ಸುಟ್ಟ ಬ್ರೆಡ್ಡು, ಜೇನುಮೇಣ, ಕೆಲವೊಮ್ಮೆ ಅಣಬೆಯನ್ನು ನೆನಪಿಸುವ ಒಂದೇ ಹದವಾದ ಪರಿಮಳ ಮೂಡುತ್ತದೆ. ಅದರ ಕೆಳಗೆ ಆಮ್ಲತೆ ಮಾತ್ರ ಕುಂದದೆ ಉಳಿದಿರಬೇಕು. ಅದು ಉಳಿದಿದ್ದರೆ ಗುಟುಕು ಇಳಿದ ಮೇಲೂ ರುಚಿ ಬಹಳ ಹೊತ್ತು ಬಾಯಲ್ಲಿ ನಿಲ್ಲುತ್ತದೆ. ಬಲ್ಲವರು ಮೆಚ್ಚುವುದು ಪರಿಮಳಗಳ ಪಟ್ಟಿಗಿಂತ ಹೆಚ್ಚಾಗಿ ಈ ನಿಲುವನ್ನು. ಬರ್ಗಂಡಿಯ ಉತ್ತರದ ಶಾಬ್ಲಿಯಲ್ಲಿ ಇದೇ ದ್ರಾಕ್ಷಿಯಿಂದ ಮಾಡುವ ಒಳ್ಳೆಯ ವೈನುಗಳಲ್ಲಿ ಓಕ್‌ನ ಪ್ರಭಾವ ಸಾಮಾನ್ಯವಾಗಿ ಕಡಿಮೆ, ಆದ್ದರಿಂದ ಅವುಗಳ ಮುಪ್ಪಿನಲ್ಲಿ ಹೇಝಲ್‌ನಟ್‌ನಂಥ ಬೀಜಗಳ ಕಂಪಿಗಿಂತ ಒದ್ದೆ ಕಲ್ಲಿನ ನೆನಪೇ ಹೆಚ್ಚು.

ಕೆಟ್ಟ ವೈನು ಬೇರೆಯೇ ಬಗೆಯದು. ಅದರ ಬಣ್ಣ ಹೊನ್ನನ್ನು ದಾಟಿ ಕಂದಿಗೆ ತಿರುಗಿರುತ್ತದೆ, ವಾಸನೆ ಕತ್ತರಿಸಿಟ್ಟು ಕಪ್ಪಾದ ಸೇಬಿನಂತಿರುತ್ತದೆ, ರುಚಿ ಬಾಯಿಗೆ ಬಿದ್ದೊಡನೆ ಸಪ್ಪಗಾಗುತ್ತದೆ. 1990ರ ದಶಕದ ನಡುವಿನಿಂದಾಚೆಗಿನ ಬರ್ಗಂಡಿಯ ಎಷ್ಟೋ ದುಬಾರಿ ಬಿಳಿ ವೈನುಗಳು ಹೀಗೆ ಅಕಾಲದಲ್ಲಿ ಮುಪ್ಪಾಗಿ ಸಂಗ್ರಾಹಕರನ್ನು ಕಂಗೆಡಿಸಿದ್ದುಂಟು. ಒಂದೇ ಪೆಟ್ಟಿಗೆಯ ಒಂದು ಬಾಟಲಿ ಸೊಗಸಾಗಿದ್ದು ಪಕ್ಕದ್ದು ಕೆಟ್ಟಿರುವುದೂ ಇದೆ. ಹಾಗೆಂದು ಎಲ್ಲ ಶಾರ್ಡನೆಯನ್ನೂ ಕೂಡಿಡಬೇಡಿ, ಬಹುಪಾಲು ವೈನುಗಳು ಮೊದಲ ಕೆಲವು ವರ್ಷಗಳಲ್ಲೇ ಕುಡಿಯಲೆಂದು ತಯಾರಾದವು.

ಮುಂದಿನ ಸಲ ಅಂಥ ಬಾಟಲಿ ಸಿಕ್ಕಿದರೆ ತೀರಾ ತಣ್ಣಗೆ ಮಾಡದೆ 12ರಿಂದ 14 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಗಲವಾದ ಗ್ಲಾಸಿಗೆ ಸ್ವಲ್ಪವೇ ಬಗ್ಗಿಸಿ ಅರ್ಧ ಗಂಟೆ ಕಾಯಿರಿ. ಬಾಳುವ ವೈನು ಆ ಹೊತ್ತಿನಲ್ಲಿ ಅರಳುತ್ತದೆ, ಬಳಲಿದ್ದು ಇನ್ನಷ್ಟು ಬಾಡುತ್ತದೆ.