ಓದುಗರ ಪ್ರಶ್ನೆ: ಸಿಪಾಯಿಗೆ ಬರುವ ಆದೇಶ ಮತ್ತು ಸಂವಿಧಾನ

ಪ್ರಶ್ನೆ: ನಮ್ಮ ಅಜ್ಜ ಸೇನೆಯಲ್ಲಿ ಸುಬೇದಾರರಾಗಿ ನಿವೃತ್ತರಾದವರು, ಅಣ್ಣ ಈಗಲೂ ಸೇವೆಯಲ್ಲಿದ್ದಾನೆ. ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತದ ದಿನ, ನಮ್ಮ ಕುಲದ ಮೂಲಮನೆಯಾದ ಐನ್‌ಮನೆಯಲ್ಲಿ ಎಲ್ಲರೂ ಸೇರಿದ್ದಾಗ, ಸರ್ಕಾರವು ತನ್ನದೇ ಪ್ರಜೆಗಳ ಮೇಲೆ ಸೇನೆಯನ್ನು ಬಳಸಬಹುದೇ, ಅದಕ್ಕೆ ಸಂವಿಧಾನದಲ್ಲಿ ಮಿತಿ ಇದೆಯೇ ಎಂದು ನಾನು ಕೇಳಿದೆ. ಆದೇಶ ಬಂದರೆ ಪಾಲಿಸುವುದಷ್ಟೇ ಸಿಪಾಯಿಯ ಕೆಲಸ ಎಂದರು ಅಜ್ಜ. ಅಣ್ಣ ಏನೂ ಹೇಳಲಿಲ್ಲ. ಕಾನೂನು ಏನನ್ನುತ್ತದೆ? — ಓದುಗರೊಬ್ಬರು, ವಿರಾಜಪೇಟೆ

ಉತ್ತರ: ನಿಮ್ಮ ಅಜ್ಜನ ಮಾತಿಗೆ ಒಂದೇ ಒಂದು ಪದ ಸೇರಿಸಬೇಕು. 1950ರ ಸೇನಾ ಕಾಯ್ದೆಯ 41ನೇ ಕಲಮು ಶಿಕ್ಷೆ ವಿಧಿಸುವುದು ‘ಕಾನೂನುಬದ್ಧ’ ಆದೇಶವನ್ನು ಮೀರಿದವರಿಗೆ. ಆ ಪದವನ್ನು ಕಾಯ್ದೆ ಸುಮ್ಮನೆ ಇಟ್ಟುಕೊಂಡಿಲ್ಲ.

ಪ್ರಜೆಗಳ ಮೇಲೆ ಸೇನೆಯನ್ನು ಬಳಸಕೂಡದು ಎಂದು ನೇರವಾಗಿ ಹೇಳುವ ವಿಧಿ ನಮ್ಮ ಸಂವಿಧಾನದಲ್ಲಿಲ್ಲ. ಮಿತಿಗಳು ಬೇರೆ ಬೇರೆ ಕಡೆ ಹರಡಿಕೊಂಡಿವೆ. ಏಳನೆಯ ಅನುಸೂಚಿಯ ಪ್ರಕಾರ ಸಾರ್ವಜನಿಕ ಸುವ್ಯವಸ್ಥೆ ರಾಜ್ಯದ ಹೊಣೆ, ಸೇನೆ ಕೇಂದ್ರದ್ದು. 1976ರ ತಿದ್ದುಪಡಿಯಲ್ಲಿ ಸೇರಿದ 2ಎ ನಮೂದು ಕೇಂದ್ರದ ಪಡೆಗಳನ್ನು ರಾಜ್ಯದೊಳಗೆ ನಿಯೋಜಿಸುವ ಅಧಿಕಾರವನ್ನು ಕೇಂದ್ರಕ್ಕೆ ಕೊಡುತ್ತದೆಯಾದರೂ, ಅದು ನಾಗರಿಕ ಆಡಳಿತದ ‘ನೆರವಿಗೆ’ ಮಾತ್ರ. ನೆರವಿಗೆ ಬಂದವರು ಮನೆಯ ಯಜಮಾನರಾಗುವುದಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಕುಸಿದಾಗ ನಮ್ಮ ಜಿಲ್ಲೆಗೆ ಸೈನಿಕರು ಬಂದದ್ದನ್ನು ನೆನಪಿಸಿಕೊಳ್ಳಿ: ಜನರನ್ನು ಹೊತ್ತು ತಂದವರು ಅವರು, ಆದರೆ ಜಿಲ್ಲೆಯ ಆಡಳಿತ ಒಂದು ದಿನವೂ ಅವರ ಕೈಗೆ ಹೋಗಲಿಲ್ಲ. ಗಲಭೆಯ ಸಂದರ್ಭದಲ್ಲೂ ಸಂವಿಧಾನ ಬಯಸುವುದು ಇದೇ ಸಂಬಂಧವನ್ನು.

ಗಲಭೆಯಲ್ಲಿ ಇದು ನಡೆಯುವ ಬಗೆಯನ್ನು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 148ರಿಂದ 151ನೇ ಕಲಮುಗಳು ವಿವರಿಸುತ್ತವೆ. ಮೊದಲು ಚದುರುವಂತೆ ಆಜ್ಞೆ, ಆಮೇಲೆ ಪೊಲೀಸರು. ಬೇರೆ ಯಾವ ದಾರಿಯಿಂದಲೂ ಗುಂಪು ಚದುರದಿದ್ದಾಗ, ಸಾರ್ವಜನಿಕ ಭದ್ರತೆಗೆ ಅದು ಅಗತ್ಯವೆನಿಸಿದಾಗ ಮಾತ್ರ ಸೇನೆ. ಅದನ್ನು ಕರೆಯುವವರು ಜಿಲ್ಲಾ ದಂಡಾಧಿಕಾರಿ ಅಥವಾ ಅವರಿಂದ ಅಧಿಕಾರ ಪಡೆದು ಸ್ಥಳದಲ್ಲಿಯೇ ಇರುವ ಕಾರ್ಯನಿರ್ವಾಹಕ ದಂಡಾಧಿಕಾರಿ. ಕರೆ ಬಂದ ಮೇಲೆ ಹೇಗೆ ಚದುರಿಸಬೇಕೆಂಬುದು ಸೇನಾಧಿಕಾರಿಯ ವಿವೇಚನೆಗೆ ಬಿಟ್ಟದ್ದು, ಆದರೆ ಬಳಸುವ ಬಲವೂ ಜೀವ ಮತ್ತು ಆಸ್ತಿಗೆ ಆಗುವ ಹಾನಿಯೂ ಆದಷ್ಟು ಕಡಿಮೆಯಿರಬೇಕು ಎಂದು ಕಲಮು ಸ್ಪಷ್ಟವಾಗಿ ಹೇಳುತ್ತದೆ. ದಂಡಾಧಿಕಾರಿಯನ್ನು ಸಂಪರ್ಕಿಸಲಾಗದ ತುರ್ತಿನಲ್ಲಿ ಸೇನಾಧಿಕಾರಿ ತಾನೇ ಕ್ರಮ ಕೈಗೊಳ್ಳಬಹುದು. ಸಂಪರ್ಕ ಸಾಧ್ಯವಾದ ಕ್ಷಣದಿಂದ, ಮುಂದುವರಿಯಬೇಕೇ ಬೇಡವೇ ಎಂಬುದು ಮತ್ತೆ ದಂಡಾಧಿಕಾರಿಯ ಮಾತು. 1919ರ ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗ್‌ನಲ್ಲಿ ಡಯರ್ ಎಚ್ಚರಿಕೆ ಕೊಡದೆ ಗುಂಡು ಹಾರಿಸಲು ಹೇಳಿದ, ಓಡುತ್ತಿದ್ದವರ ಮೇಲೂ ನಿಲ್ಲಿಸಲಿಲ್ಲ. ಸರ್ಕಾರದ ಲೆಕ್ಕದಲ್ಲೇ 379 ಮಂದಿ ಸತ್ತರು. ಈ ಕಲಮುಗಳ ಒಂದೊಂದು ಮಾತನ್ನೂ ಆ ಅಂಗಳವನ್ನು ಕಣ್ಣಮುಂದಿಟ್ಟುಕೊಂಡು ಓದಬೇಕೆಂದು ನನಗೆ ಅನಿಸುತ್ತದೆ.

ತುರ್ತು ಪರಿಸ್ಥಿತಿ ಘೋಷಣೆಯಾದರೆ ಇದೆಲ್ಲ ಬಿದ್ದುಹೋಗುವುದಿಲ್ಲವೇ ಎಂದು ನೀವು ಕೇಳಬಹುದು. 1976ರಲ್ಲಿ ಹಾಗೆಯೇ ಆಯಿತು. ಬಂಧನವನ್ನು ಪ್ರಶ್ನಿಸುವ ಹಕ್ಕೂ ಇಲ್ಲವೆಂದು ಸುಪ್ರೀಂ ಕೋರ್ಟಿನ ಬಹುಮತ ತೀರ್ಪು ನೀಡಿತು, ನ್ಯಾಯಮೂರ್ತಿ ಎಚ್. ಆರ್. ಖನ್ನಾ ಒಬ್ಬರೇ ಭಿನ್ನರಾದರು. 1978ರ 44ನೇ ತಿದ್ದುಪಡಿ ಎರಡು ಬಾಗಿಲುಗಳನ್ನು ಮುಚ್ಚಿತು. ‘ಆಂತರಿಕ ಕ್ಷೋಭೆ’ಯ ನೆಪದಲ್ಲಿ ರಾಷ್ಟ್ರೀಯ ತುರ್ತು ಪರಿಸ್ಥಿತಿ ಘೋಷಿಸುವಂತಿಲ್ಲ, ಸಶಸ್ತ್ರ ದಂಗೆಯೇ ಆಗಿರಬೇಕು, ಮತ್ತು ಬದುಕುವ ಹಕ್ಕನ್ನು ಕೊಡುವ 21ನೇ ವಿಧಿಯ ಜಾರಿಯನ್ನು ತುರ್ತು ಪರಿಸ್ಥಿತಿಯಲ್ಲೂ ತಡೆಹಿಡಿಯುವಂತಿಲ್ಲ.

ಇನ್ನು ನನಗೆ ನೋವಾಗುವ ಜಾಗಕ್ಕೆ ಬರುತ್ತೇನೆ. 151ನೇ ಕಲಮಿನಂತೆ, ಇಂತಹ ಕಾರ್ಯಾಚರಣೆಯ ಸಂಬಂಧ ಸಶಸ್ತ್ರ ಪಡೆಯವರ ಮೇಲೆ ಮೊಕದ್ದಮೆ ಹೂಡಲು ಕೇಂದ್ರದ ಮಂಜೂರಾತಿ ಬೇಕು. ಈಶಾನ್ಯದ ಕೆಲವೆಡೆ ಜಾರಿಯಲ್ಲಿರುವ 1958ರ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆಯಲ್ಲೂ ಇದೇ ಗೋಡೆಯಿದೆ. ಸದುದ್ದೇಶದಿಂದ ಕರ್ತವ್ಯ ಮಾಡಿದ ಸೈನಿಕನಿಗೆ ರಕ್ಷಣೆ ಬೇಕೆಂಬುದನ್ನು ನಾನು ಮನಸಾರೆ ಒಪ್ಪುತ್ತೇನೆ, ಆದರೆ ಪಡೆಯ ಒಡೆಯರೇ ಮಂಜೂರಾತಿಯನ್ನೂ ಕೊಡುವವರಾದಾಗ ಮಗನನ್ನು ಕಳೆದುಕೊಂಡ ತಾಯಿ ಎಲ್ಲಿಗೆ ಹೋಗಬೇಕು? 1997ರಲ್ಲಿ ಸುಪ್ರೀಂ ಕೋರ್ಟು ಆ ಕಾಯ್ದೆಯನ್ನು ಎತ್ತಿಹಿಡಿಯಿತು, ಜೊತೆಗೆ ಒಂದು ಪ್ರದೇಶವನ್ನು ‘ಪ್ರಕ್ಷುಬ್ಧ’ವೆಂದು ಸಾರುವ ಘೋಷಣೆಯನ್ನು ಆರು ತಿಂಗಳಿಗೊಮ್ಮೆ ಮರುಪರಿಶೀಲಿಸಬೇಕೆಂದಿತು. 2016ರ ಜುಲೈನಲ್ಲಿ, ಮಣಿಪುರದ ಸಾವುಗಳ ಪ್ರಕರಣದಲ್ಲಿ, ಮಿತಿಮೀರಿದ ಬಲಪ್ರಯೋಗಕ್ಕೆ ಸಂಪೂರ್ಣ ವಿನಾಯಿತಿ ಇಲ್ಲವೆಂದು ಹೇಳಿತು. ಅಣ್ಣನಿಗೆ ಈ ತೀರ್ಪಿನ ವಿಷಯ ತಿಳಿಸಿ. ಅವನ ಮೌನಕ್ಕೆ ಕಾರಣ ಏನೇ ಇರಲಿ, ಇದು ಅವನಿಗೂ ಸಂಬಂಧಿಸಿದ್ದು.

ಪ್ರಶ್ನೆ: ರಾಷ್ಟ್ರಪತಿಗಳೇ ಸೇನೆಯ ಪರಮೋಚ್ಚ ದಂಡನಾಯಕರಲ್ಲವೇ? ಅವರು ನೇರವಾಗಿ ಆದೇಶಿಸಬಹುದೇ? — ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಇಲ್ಲ. 53ನೇ ವಿಧಿಯೇ ಆ ಅಧಿಕಾರದ ಚಲಾವಣೆ ಕಾನೂನಿನ ನಿಯಂತ್ರಣದಲ್ಲಿರಬೇಕೆನ್ನುತ್ತದೆ, 74ನೇ ವಿಧಿಯಂತೆ ಅವರು ಮಂತ್ರಿಮಂಡಲದ ಸಲಹೆಯ ಪ್ರಕಾರ ನಡೆಯಬೇಕು, ಮತ್ತು ಆ ಮಂತ್ರಿಮಂಡಲ ಲೋಕಸಭೆಗೆ ಹೊಣೆ.