ಹೆಂಡತಿ ಗುರುತಿಸಿದರೆ ಸಾಲದೇ?

ಪ್ರಶ್ನೆ: 2025ರ ಅಹಮದಾಬಾದ್ ವಿಮಾನ ದುರಂತದಲ್ಲಿ ಮೃತರ ಅಪ್ಪ-ಅಮ್ಮ, ಮಕ್ಕಳ ರಕ್ತ ತೆಗೆದುಕೊಂಡರೆಂದು ಟಿವಿಯಲ್ಲಿ ನೋಡಿದೆ. ಜೊತೆಗೆ ಬಾಳಿದ ಹೆಂಡತಿಯ ಮಾತು ಸಾಲದೇ? ಗುರುತು ಹಿಡಿದವರನ್ನೂ ದಿನಗಟ್ಟಲೆ ಕಾಯಿಸುವುದು ಸರಿಯೇ?
– ಓದುಗರೊಬ್ಬರು, ಬಂಟ್ವಾಳ

ಉತ್ತರ: ಕಾಯಿಸುವುದೇ ಸರಿ. ಕ್ರೂರ ಅನ್ನಿಸಿದರೂ ಸರಿ.

ಡಿಎನ್‌ಎ ತಾನಾಗಿ ಯಾರ ಹೆಸರನ್ನೂ ಹೇಳುವುದಿಲ್ಲ. ಹೋಲಿಸಿ ನೋಡಲು ರಕ್ತಸಂಬಂಧಿಯ ಮಾದರಿ ಬೇಕು. ಎಷ್ಟು ವರ್ಷ ಸಂಸಾರ ಮಾಡಿದ್ದರೂ ಹೆಂಡತಿ ಈ ಲೆಕ್ಕದಲ್ಲಿ ಹೊರಗಿನವಳೇ. ಹಾಗೆಂದು ಅವಳ ರಕ್ತ ವ್ಯರ್ಥವಲ್ಲ. ನಮ್ಮ ಡಿಎನ್‌ಎಯ ಕೆಲವು ಜಾಗಗಳಲ್ಲಿ ಒಂದು ಪುಟ್ಟ ತುಣುಕು ಮತ್ತೆ ಮತ್ತೆ ಬರುತ್ತದೆ. ಎಷ್ಟು ಸಲ ಎನ್ನುವುದು ಒಬ್ಬೊಬ್ಬರಲ್ಲಿ ಒಂದೊಂದು ಥರ. ಪ್ರತಿ ಜಾಗಕ್ಕೂ ಎರಡು ಸಂಖ್ಯೆ, ಒಂದು ಅಮ್ಮನದು, ಇನ್ನೊಂದು ಅಪ್ಪನದು. ಮಗುವಿನಲ್ಲಿ 12, 15 ಇದೆ, ತಾಯಿಯಲ್ಲಿ 12, 18 ಇದೆ ಎನ್ನಿ. ಹಾಗಾದರೆ 15 ಬಂದದ್ದು ಅಪ್ಪನಿಂದ, ಅಂದರೆ ನಾವು ಹುಡುಕುವ ಅಪ್ಪನ ದೇಹದಲ್ಲೂ 15 ಇರಬೇಕು. ಒಂದು ಜಾಗ ಹೊಂದಿದ ಮಾತ್ರಕ್ಕೆ ಏನೂ ಸಾಬೀತಾಗದು, ಊರಲ್ಲಿ ಎಷ್ಟೋ ಜನರಿಗೆ 15 ಇರುತ್ತದೆ. ಇಪ್ಪತ್ತರಷ್ಟು ಜಾಗ ನೋಡುತ್ತೇವೆ. ಒಡಹುಟ್ಟಿದವರ ಮಾದರಿಯೊಂದೇ ಇದ್ದರೆ ನಮಗೆ ತಲೆನೋವು. ಒಂದು ಜಾಗದಲ್ಲಿ ಅಣ್ಣನಿಗೆ ಬಂದ ಎರಡರಲ್ಲಿ ಯಾವುದೂ ತಮ್ಮನಿಗೆ ಬಾರದಿರುವ ಸಂಭವ ನಾಲ್ಕರಲ್ಲಿ ಒಂದು.

ಮುಖ, ಬಟ್ಟೆ, ಉಂಗುರ ನೋಡಿ ದೇಹ ಕೊಟ್ಟರೆ ಏನಾಗಬಹುದೆಂದು ನಿಮ್ಮ ಜಿಲ್ಲೆಗೇ ಗೊತ್ತು. 2010ರ ಮೇ 22ರಂದು ದುಬೈನಿಂದ ಬಂದ ವಿಮಾನ ಮಂಗಳೂರಿನಲ್ಲಿ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ತೀರಿಕೊಂಡರು. ಹೆಚ್ಚಿನ ದೇಹಗಳನ್ನು ಮನೆಯವರು ಕಣ್ಣಳತೆಯಲ್ಲೇ ಗುರುತಿಸಿ ಒಯ್ದರು. ಉಳಿದವುಗಳ ಮಾದರಿ ಹೈದರಾಬಾದಿನ ಡಿಎನ್‌ಎ ಕೇಂದ್ರಕ್ಕೆ ಹೋಯಿತು. ಕೊನೆಗೂ 12 ದೇಹಗಳಿಗೆ ವಾರಸುದಾರರು ಸಿಗದೆ ಕೂಳೂರಿನ ಬಳಿ ಮಣ್ಣು ಮಾಡಬೇಕಾಯಿತು. ಒಬ್ಬರು ಗೊತ್ತಿಲ್ಲದೆ ಬೇರೆ ಮನೆಯ ದೇಹ ಒಯ್ದು ಬೆಂಕಿ ಕೊಟ್ಟರೆ, ಆ ಮನೆಯವರು ಎಷ್ಟು ರಕ್ತ ಕೊಟ್ಟರೂ ಹೊಂದುವ ದೇಹ ಶವಾಗಾರದಲ್ಲಿ ಇರುವುದಿಲ್ಲ.

ದಿನಗಳು ಹಿಡಿಯುವುದಕ್ಕೆ ಬೆಂಕಿಯೇ ಕಾರಣ. ಸುಟ್ಟ ಮಾಂಸದಲ್ಲಿ ಡಿಎನ್‌ಎ ಚೂರುಚೂರಾಗಿರುತ್ತದೆ. ಆಗ ದವಡೆಹಲ್ಲು, ಇಲ್ಲವೇ ತೊಡೆಯ ಮೂಳೆಯೇ ಗತಿ. ಮೇಲ್ಪದರ ಕೆರೆದು, ತೊಳೆದು, ಪುಡಿ ಮಾಡಿ, ಸುಣ್ಣದ ಅಂಶ ಕರಗಿಸಿ ಆಮೇಲೆ ಡಿಎನ್‌ಎ ತೆಗೆಯಬೇಕು. ಪ್ರಯೋಗಾಲಯದಲ್ಲಿ ಮೂಳೆ ಕೊಯ್ದ ದಿನ ನನಗೆ ಮಧ್ಯಾಹ್ನದ ಊಟ ಸೇರುತ್ತಿರಲಿಲ್ಲ. ಧಾರಾವಾಹಿಗಳಲ್ಲಿ ಜಾಹೀರಾತು ಮುಗಿಯುವಷ್ಟರಲ್ಲಿ ವರದಿ ಬಂದಿರುತ್ತದೆ, ಬಿಡಿ.

ಮಾದರಿ ಕೊಡುವವರಿಗೆ ಅಸ್ಥಿಮಜ್ಜೆ ಕಸಿ ಆಗಿದ್ದರೆ ಮೊದಲೇ ತಿಳಿಸಬೇಕು, ಅವರ ರಕ್ತದಲ್ಲಿ ದಾನಿಯ ಡಿಎನ್‌ಎ ಇರುತ್ತದೆ. ಮಗು ದತ್ತು ಬಂದದ್ದಾದರೆ ನೆಂಟರೆದುರು ಹೇಳಲು ಸಂಕೋಚವಾಗುವುದು ಸಹಜ. ಸಿಬ್ಬಂದಿಯನ್ನು ಪಕ್ಕಕ್ಕೆ ಕರೆದು ಹೇಳಿದರೂ ಸಾಕು.