ತೋಟಗಾರಿಕೆಯೋ ಗಾರ್ಡನ್ ಡಿಸೈನೋ, ಯಾವುದು ಓದಲಿ?

ಚಿತ್ರ ಚೆನ್ನಾಗಿ ಬಿಡಿಸುತ್ತೇನೆ, ಗಿಡಗಳೂ ಇಷ್ಟ, ಹಾಗಾದರೆ ತೋಟಗಾರಿಕೆ ಬಿಟ್ಟು ಗಾರ್ಡನ್ ಡಿಸೈನ್ ಓದಲೇ ಎಂದು ಕೇಳಿದ್ದೀರಿ. ನನಗೂ ಇದ್ದ ಗೊಂದಲವೇ ಇದು. ನೇರವಾಗಿ ಹೇಳಿಬಿಡುತ್ತೇನೆ: ತೋಟಗಾರಿಕೆ ಮೊದಲು. ಚಿತ್ರ ಬಿಡಿಸುವ ಕೈ ಇಲ್ಲಿ ಮುಖ್ಯವೇ ಅಲ್ಲ.

ಯಾಕೆ ಅಂದರೆ, ಪಾತಿಯ ನಕ್ಷೆಯಲ್ಲಿ ಬಹಳ ಜನ ಬರೆಯುವ ಒಂದು ಪದರ ನೋಡಿ. ತಳಕ್ಕೆ 10 ಸೆಂ.ಮೀ. ಜಲ್ಲಿ, ಮೇಲೆ ಮಣ್ಣು, ಪಕ್ಕದಲ್ಲಿ 'ನೀರು ಬಸಿಯಲು' ಎಂದು ಬಾಣದ ಗುರುತು. ಕಾಗದದ ಮೇಲೆ ಸರಿಯಾಗೇ ಕಾಣುತ್ತದೆ. ನೆಲದಲ್ಲಿ ಆಗುವುದು ಉಲ್ಟಾ. ಮಣ್ಣಿನ ಸಣ್ಣ ರಂಧ್ರಗಳು ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ, ಜಲ್ಲಿಯ ದೊಡ್ಡ ಸಂದುಗಳಿಗೆ ಆ ಹಿಡಿತವಿಲ್ಲ. ಹಾಗಾಗಿ ಜಲ್ಲಿಗೆ ತಾಗಿದ ಮಣ್ಣು ಪೂರ್ತಿ ನೀರು ಕುಡಿದು ತುಂಬುವವರೆಗೆ ಕೆಳಗೆ ಇಳಿಯುವುದೇ ಇಲ್ಲ. ಕೆಸರಿನ ಪದರ ಬೇರಿನ ಮಟ್ಟಕ್ಕೇ ಬಂದು ನಿಲ್ಲುತ್ತದೆ; ಜಲ್ಲಿ ದಪ್ಪವಾದಷ್ಟೂ ಆ ಕೆಸರು ಮೇಲಕ್ಕೆ ಬರುತ್ತದೆ. ಗಾಳಿಯಾಡದೆ ಬೇರು ಕೊಳೆತು ಎಲೆ ಬಾಡಿದಾಗ, ನೀರು ಸಾಲದೇನೋ ಎಂದು ಇನ್ನಷ್ಟು ಹಾಯಿಸುತ್ತಾರೆ. ಕುಂಡದ ತಳಕ್ಕೆ ಜಲ್ಲಿ ತುಂಬಿದರೂ ಇದೇ ಗತಿ.

ಮಣ್ಣು ಓದಿದವರು ಮೊದಲು 30 ಸೆಂ.ಮೀ. ಆಳ, ಅಷ್ಟೇ ಅಗಲದ ಗುಂಡಿ ತೋಡಿ, ನೀರು ತುಂಬಿಸಿ ಇಂಗಲು ಬಿಡುತ್ತಾರೆ. ಮತ್ತೆ ತುಂಬಿಸಿ, ಅಡ್ಡ ಇಟ್ಟ ಕೋಲಿನಿಂದ ಗಂಟೆಗೊಮ್ಮೆ ಅಳೆಯುತ್ತಾರೆ. ಗಂಟೆಗೆ 2.5 ಸೆಂ.ಮೀ.ಗಿಂತ ಕಡಿಮೆ ಇಳಿದರೆ ಪಾತಿ ಎತ್ತರಿಸಬೇಕು, ಇಲ್ಲವೇ ತಗ್ಗಿನ ಕಡೆಗೆ ಬಾಯಿ ಇರುವ ಬಸಿಗಾಲುವೆ ತೆಗೆಯಬೇಕು. ಎರಡೂ ಆಗದಿದ್ದರೆ ಜೌಗು ತಾಳುವ ಗಿಡ.

ತೋಟಗಾರಿಕೆ ಪದವಿಯಲ್ಲಿ ಹಣ್ಣು, ತರಕಾರಿ, ಕೊಯ್ಲೋತ್ತರ ವಿಷಯಗಳೇ ಹೆಚ್ಚೆಂದು ಬೇಸರವಾಗಬಹುದು. ಇರಲಿ, ಸಸಿ ಮಾಡುವುದು, ಕಸಿ, ಸವರುವಿಕೆ, ರೋಗ ಗುರುತಿಸುವುದು ಬರುವುದು ಅಲ್ಲೇ. ಅಳತೆ, ಮಟ್ಟ, 1:50ರ ನಕ್ಷೆ (ನೆಲದ 50 ಸೆಂ.ಮೀ.ಗೆ ಕಾಗದದಲ್ಲಿ 1 ಸೆಂ.ಮೀ.), ಖರ್ಚಿನ ಅಂದಾಜು ಇವನ್ನು ಆಮೇಲೆ ಒಬ್ಬ ಡಿಸೈನರ್ ಕೈಕೆಳಗೆ ಕಲಿಯಬಹುದು. ನಕ್ಷೆಯಲ್ಲಿ ಗಿಡವನ್ನು ತೋರಿಸುವ ವೃತ್ತವನ್ನು ಮಾತ್ರ ನರ್ಸರಿಯಲ್ಲಿ ಕಂಡ ಗಾತ್ರಕ್ಕೆ ಬರೆಯಬೇಡಿ, ಬೆಳೆದ ಮೇಲಿನ ಹರವಿಗೆ ಬರೆಯಿರಿ: 1.5 ಮೀ. ಮತ್ತು 0.9 ಮೀ. ಹರಡುವ ಎರಡು ಪೊದೆಗಳ ನಡುವೆ, ಬುಡದಿಂದ ಬುಡಕ್ಕೆ, 1.2 ಮೀ. ಬೇಕು.

ಗಿಡಕ್ಕಿಂತ ಗೋಡೆ, ಮೆಟ್ಟಿಲು, ನೆಲಹಾಸೇ ನಿಮ್ಮನ್ನು ಸೆಳೆಯುತ್ತಿದ್ದರೆ ಡಿಸೈನ್‌ಗೇ ಹೋಗಿ. ಆದರೆ ಮಣ್ಣಿನ ಪಾಠ, ಗಿಡ ಗುರುತಿಸುವ ಪರೀಕ್ಷೆ ಎರಡೂ ಇಲ್ಲದ ಕೋರ್ಸಿಗೆ ಫೀಸು ಕಟ್ಟಬೇಡಿ.